858 ಟಿಬಿ ಬೂದಿ: ಡೇಟಾ ಸೆಂಟರ್ ಕಟ್ಟೋ ಮುಂಚೆ ಕೇಳಬೇಕಿದ್ದ ಪ್ರಶ್ನೆ

ಬಸ್ಸಲ್ಲಿ ನಿಂತ್ಕೊಂಡು, ಪಾತ್ರೆ ತೊಳೀತಾ, ನಿದ್ದೆ ಬರಲಿ ಅಂತ ಕಿವಿಗೆ ಹಾಕ್ಕೊಂಡು, ಹೇಗೆ ಕೇಳ್ತಿದ್ದೀರೋ ಹಾಗೇ ಕೇಳಿ. ಇವತ್ತಿನ ಕಥೆ ಒಂದು ಬ್ಯಾಟರಿಯಿಂದ ಶುರುವಾಗುತ್ತೆ.

2025ರ ಸೆಪ್ಟೆಂಬರ್ 26, ಶುಕ್ರವಾರ ರಾತ್ರಿ. ದಕ್ಷಿಣ ಕೊರಿಯಾದ ಡೇಜಾನ್ ನಗರ. ಅಲ್ಲಿನ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಗಳನ್ನ ನೋಡ್ಕೊಳ್ಳೋ ರಾಷ್ಟ್ರೀಯ ಸಂಸ್ಥೆಯ ಮುಖ್ಯ ಕಟ್ಟಡ ಇರೋದು ಅಲ್ಲೇ. ಐದನೇ ಮಹಡಿಯ ಸರ್ವರ್ ಕೋಣೆಯಲ್ಲಿ ಕೆಲಸಗಾರರು ಯುಪಿಎಸ್ ಬ್ಯಾಟರಿಗಳನ್ನ ಬಿಚ್ತಿದ್ದರು. ಯಾಕೆ? ಸರ್ವರ್ ಪಕ್ಕದಲ್ಲೇ ಲಿಥಿಯಂ ಬ್ಯಾಟರಿ ಇರೋದು ಅಪಾಯ, ಅದಕ್ಕೇ ನೆಲಮಾಳಿಗೆಗೆ ಸಾಗಿಸೋಣ ಅಂತ. ಅಂದ್ರೆ ಬೆಂಕಿ ಬೀಳಬಾರದು ಅನ್ನೋ ಕಾರಣಕ್ಕೇ ನಡೀತಿದ್ದ ಕೆಲಸ ಅದು. ಆ ಕೆಲಸದಲ್ಲೇ ಬೆಂಕಿ ಹತ್ತಿತು.

384 ಬ್ಯಾಟರಿ ಪ್ಯಾಕ್‌ಗಳು ಸುಟ್ಟವು. ಬೆಂಕಿ ಪೂರ್ತಿ ಆರೋಕೆ ಸುಮಾರು 22 ಗಂಟೆ ಬೇಕಾಯ್ತು. ಸರ್ಕಾರದ 647 ವ್ಯವಸ್ಥೆಗಳು ನಿಂತವು ಅಂತ ಮೊದಲು ಹೇಳಿದರು, ಆಮೇಲೆ ಅದು 709 ಅಂತ ತಿದ್ದಿದರು. ಯಾಕೆ ಈ ವ್ಯತ್ಯಾಸ ಗೊತ್ತಾ? ಒಟ್ಟು ಎಷ್ಟು ವ್ಯವಸ್ಥೆ ಇವೆ ಅನ್ನೋ ಪಟ್ಟಿ ಇಟ್ಕೊಂಡಿದ್ದ ಸಾಫ್ಟ್‌ವೇರೂ ಆ ಬೆಂಕಿಗೆ ನಿಂತುಹೋಗಿತ್ತು! ಅದನ್ನ ಎಬ್ಬಿಸೋವರೆಗೂ ಏನೇನು ಹೋಗಿದೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಅಂಚೆ ಇಲಾಖೆಯ ಬ್ಯಾಂಕಿಂಗ್, ಮೊಬೈಲ್ ಗುರುತಿನ ಚೀಟಿ, ಅರ್ಜಿ ಹಾಕೋ ಪೋರ್ಟಲ್ ಎಲ್ಲಾ ಬಂದ್. ಅದೂ ಚುಸೊಕ್ ಅನ್ನೋ ಅವರ ದೊಡ್ಡ ಹಬ್ಬಕ್ಕೆ ಸ್ವಲ್ಪ ದಿನ ಇರೋವಾಗ.

ಇವೆಲ್ಲ ಒಂದೊಂದಾಗಿ ವಾಪಸ್ ಬಂದವು. ವಾಪಸ್ ಬರದೇ ಇದ್ದದ್ದು ಒಂದಿತ್ತು. ಅದರ ಹೆಸರು ಜಿ-ಡ್ರೈವ್.

ಜಿ-ಡ್ರೈವ್ ಅಂದ್ರೆ ಕೊರಿಯಾದ ಸರ್ಕಾರಿ ನೌಕರರ ಸ್ವಂತ ಕ್ಲೌಡ್. ನಿಮ್ಮ ಫೈಲುಗಳನ್ನ ಆಫೀಸ್ ಕಂಪ್ಯೂಟರಲ್ಲಿ ಇಟ್ಕೋಬೇಡಿ, ಎಲ್ಲಾ ಇಲ್ಲೇ ಹಾಕಿ ಅಂತ 2018ರ ಹೊತ್ತಿಗೆ ಸೂಚನೆ ಹೋಗಿತ್ತು. ಒಬ್ಬೊಬ್ಬರಿಗೆ 30 ಜಿಬಿ ಜಾಗ. ಸುಮಾರು 1.25 ಲಕ್ಷ ನೌಕರರು ಬಳಸ್ತಿದ್ದರು. ಒಟ್ಟು 858 ಟೆರಾಬೈಟ್. ನಿಮ್ಮ ಕೈಲಿರೋ 128 ಜಿಬಿ ಫೋನು ಸುಮಾರು 6,700 ತುಂಬೋವಷ್ಟು. ಇದಕ್ಕೆ ಹೊರಗಡೆ ಎಲ್ಲೂ ಬ್ಯಾಕಪ್ ಇರಲಿಲ್ಲ. ಪೂರ್ತಿ ಬೂದಿ. ತಮಾಷೆ ಅಂದ್ರೆ, ಹೇಳಿದ ಮಾತು ಕೇಳಿ ಎಲ್ಲಾ ಫೈಲು ಅಲ್ಲೇ ಹಾಕಿದ್ದ ಇಲಾಖೆಗೇ ಹೆಚ್ಚು ಹೊಡೆತ ಬಿತ್ತು. ಸೂಚನೆ ಕಡೆಗಣಿಸಿ ತಮ್ಮ ಪಿಸಿಯಲ್ಲೂ ಒಂದು ಪ್ರತಿ ಇಟ್ಕೊಂಡಿದ್ದವರು ಬಚಾವ್.

ಬ್ಯಾಕಪ್ ಯಾಕಿರಲಿಲ್ಲ ಅಂದಾಗ ಬಂದ ಉತ್ತರ: ಅದು ದೊಡ್ಡ ಗಾತ್ರದ, ಕಡಿಮೆ ವೇಗದ ಸ್ಟೋರೇಜ್, ಅದರ ರಚನೆಯಿಂದಾಗಿ ಹೊರಗಡೆ ಬ್ಯಾಕಪ್ ಮಾಡೋಕೆ ಆಗ್ತಿರಲಿಲ್ಲ. ನಾನು ಇದನ್ನ ಓದಿ ಎರಡು ನಿಮಿಷ ಸುಮ್ಮನೆ ಕೂತೆ. ನಾನು ಬಿ.ಕಾಂ ಓದಿದವನು, ಎಂಜಿನಿಯರ್ ಅಲ್ಲ. ಆದ್ರೂ ಕ್ಯಾಲ್ಕುಲೇಟರ್ ತೆಗೆದೆ. 20 ಟಿಬಿ ಹಾರ್ಡ್ ಡಿಸ್ಕ್ ಅಂಗಡೀಲಿ ಸಿಗುತ್ತೆ. ಅಂಥ 43 ಡಿಸ್ಕ್ ಸೇರಿದ್ರೆ 860 ಟಿಬಿ. ಸರಿ, ಬ್ಯಾಕಪ್ ಅಂದ್ರೆ ಬರೀ ಡಿಸ್ಕ್ ಅಲ್ಲ, ಲೈನು ಬೇಕು, ಸಾಫ್ಟ್‌ವೇರ್ ಬೇಕು, ಜನ ಬೇಕು, ಒಪ್ತೀನಿ. ಆದ್ರೆ ಒಂದು ದೇಶಕ್ಕೆ ಇದು ದುಡ್ಡಿಲ್ಲದ ಸಮಸ್ಯೆ ಅಲ್ಲ. ಕಟ್ಟೋ ಮುಂಚೆ ಮಾಡಿದ ಪಟ್ಟಿಯಲ್ಲಿ ಈ ಸಾಲು ಬಿಟ್ಟುಹೋಗಿತ್ತು, ಅಷ್ಟೇ.

ಆ ಪಟ್ಟಿಯ ಇತಿಹಾಸವೇ ಇವತ್ತಿನ ಕಂತು.

ಮೊದಲು ಒಂದು ಪದ ಬಿಡಿಸಿಕೊಳ್ಳೋಣ. ಪ್ರೈವೇಟ್ ಕ್ಲೌಡ್. ಪಬ್ಲಿಕ್ ಕ್ಲೌಡ್ ಅಂದ್ರೆ ಊರಿನ ನಲ್ಲಿ ನೀರು, ಬಳಸಿದಷ್ಟಕ್ಕೆ ಬಿಲ್ಲು. ಪ್ರೈವೇಟ್ ಕ್ಲೌಡ್ ಅಂದ್ರೆ ನಿಮ್ಮ ಮನೆಯವರಿಗೆ ಮಾತ್ರ ಅಂತ ಇರೋ ಬೋರ್‌ವೆಲ್. ಎಷ್ಟು ಬೇಕಾದ್ರೂ ಎತ್ತಬಹುದು, ಯಾರಿಗೂ ಕೇಳಬೇಕಿಲ್ಲ. ಆದ್ರೆ ಸಾಮಾನ್ಯವಾಗಿ ಮೋಟಾರ್ ಸುಟ್ಟರೆ ನೀವೇ ನೋಡ್ಕೋಬೇಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಕ್ಲೌಡ್‌ಗೆ ಒಂದು ವ್ಯಾಖ್ಯೆ ಕೊಟ್ಟಾಗ ಪ್ರೈವೇಟ್, ಕಮ್ಯುನಿಟಿ, ಪಬ್ಲಿಕ್, ಹೈಬ್ರಿಡ್ ಅಂತ ನಾಲ್ಕು ಬಗೆ ಹೇಳಿತು. ಸರ್ಕಾರಗಳಿಗೆ, ಬ್ಯಾಂಕುಗಳಿಗೆ ಈ ಬೋರ್‌ವೆಲ್ ಬಗೆ ಇಷ್ಟ ಆಯ್ತು. ಡೇಟಾ ನಮ್ಮ ಕಾಂಪೌಂಡ್ ಒಳಗೇ ಇರುತ್ತೆ ಅನ್ನೋ ಧೈರ್ಯ.

ಇನ್ನು ಪ್ಲಾನಿಂಗ್. ಮದುವೆ ಮನೆಗೆ ಅಡುಗೆ ಭಟ್ಟರನ್ನ ಕರೆದರೆ ಅವರು ಕೇಳೋ ಮೊದಲ ಪ್ರಶ್ನೆ, "ಎಷ್ಟು ಎಲೆ ಸ್ವಾಮಿ?" 500 ಅಂದ್ರೆ ಅವರು ಮನಸ್ಸಲ್ಲೇ 550 ಅಂದ್ಕೊಂಡು ಸಾಮಾನಿನ ಚೀಟಿ ಬರೀತಾರೆ. ಡೇಟಾ ಸೆಂಟರ್ ಪ್ಲಾನಿಂಗೂ ಹಾಗೇ ಶುರುವಾಗೋದು: ಎಷ್ಟು ಜನ ಬಳಸ್ತಾರೆ, ಎಷ್ಟು ಸ್ಟೋರೇಜ್, ಎಷ್ಟು ಕಿಲೋವ್ಯಾಟ್ ಕರೆಂಟು, ಎಷ್ಟು ಎಸಿ. ಇದನ್ನ ಎಲ್ಲರೂ ಕೇಳ್ತಾರೆ. ಪಾತ್ರೆ ಮಗುಚಿಬಿದ್ದರೆ ಏನು ಅನ್ನೋ ಪ್ರಶ್ನೆ ಮಾತ್ರ ಪಾತ್ರೆ ಬಿದ್ದ ಮೇಲೇ ಪಟ್ಟಿಗೆ ಸೇರಿದೆ, ಬಹುತೇಕ ಪ್ರತಿ ಸಲವೂ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಕ್ಲೌಡ್ ಅನ್ನೋ ಪದವೇ ಇಲ್ಲದ ಕಾಲಕ್ಕೆ. ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ 1950ರ ದಶಕದಲ್ಲಿ ಒಂದು ಕಟ್ಟಡ ಕಟ್ಟಿದರು. ಸೈನಿಕರ ಸೇವಾ ದಾಖಲೆಗಳನ್ನೆಲ್ಲ ಒಂದೇ ಕಡೆ ಇಡೋ ಕೇಂದ್ರ. ಆರು ಮಹಡಿ, ಭಾರೀ ಉದ್ದ ಅಗಲ. ವಾಸ್ತುಶಿಲ್ಪಿ ಯಾರು ಗೊತ್ತಾ? ಮಿನೊರು ಯಮಸಾಕಿ. ಮುಂದೆ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ವಿನ್ಯಾಸ ಮಾಡಿದವರು.

ಕಟ್ಟೋ ಮುಂಚೆ ಒಂದು ವಾದ ನಡೀತು. ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಹಾಕಬೇಕಾ, ಬೇಡ್ವಾ? ಆಗ ದಾಖಲೆ ಕಾಪಾಡೋ ಕೆಲಸದಲ್ಲಿದ್ದವರಲ್ಲೇ ಎರಡು ಪಂಗಡ. ಒಂದು ಪಂಗಡ, ಪೈಪು ಸುಮ್ಮನೆ ಒಡೆದು ಸೋರಿದ್ರೆ ಕಾಗದ ಹಾಳಾಗಲ್ವಾ, ನೀರೇ ದೊಡ್ಡ ಶತ್ರು ಅಂತು. ಇನ್ನೊಂದು ಪಂಗಡ, ಒದ್ದೆ ಕಾಗದ ಒಣಗಿಸಬಹುದು, ಬೂದಿ ಓದಕ್ಕಾಗಲ್ಲ ಅಂತು. ಗೆದ್ದಿದ್ದು ಮೊದಲನೇ ಪಂಗಡ. ಕಟ್ಟಡ ಸ್ಪ್ರಿಂಕ್ಲರ್ ಇಲ್ಲದೆ ಎದ್ದಿತು. ಬೆಂಕಿ ಹರಡದ ಹಾಗೆ ದಾಖಲೆ ಇಡೋ ಜಾಗದ ಮಧ್ಯೆ ತಡೆಗೋಡೆಗಳೂ ಇರಲಿಲ್ಲ.

1973ರ ಜುಲೈ 12, ನಡುರಾತ್ರಿ ದಾಟಿ ಹದಿನಾರು ನಿಮಿಷಕ್ಕೆ ಬೆಂಕಿಯ ಕರೆ ಬಂತು. ಅಗ್ನಿಶಾಮಕ ದಳ ಕೆಲವೇ ನಿಮಿಷದಲ್ಲಿ ತಲುಪಿತು. ಏನು ಪ್ರಯೋಜನ? ಆರನೇ ಮಹಡಿ ತುಂಬ ಒತ್ತೊತ್ತಾಗಿ ಕಾಗದದ ಪೆಟ್ಟಿಗೆ. ಬೆಂಕಿ ಪೂರ್ತಿ ಆರಿದ್ದು ನಾಲ್ಕೂವರೆ ದಿನದ ಮೇಲೆ. ಸುಮಾರು 1.6 ಕೋಟಿಯಿಂದ 1.8 ಕೋಟಿ ಸೈನಿಕರ ದಾಖಲೆ ಹೋಯ್ತು. 1912ರಿಂದ 1960ರ ನಡುವೆ ಸೇನೆಯಿಂದ ಬಿಡುಗಡೆ ಆದವರ ಕಡತಗಳಲ್ಲಿ ಸುಮಾರು ಶೇ. 80 ನಾಶ. ಎರಡೂ ಮಹಾಯುದ್ಧ, ಕೊರಿಯಾ ಯುದ್ಧ, ಎಲ್ಲಾ ಅದರಲ್ಲೇ ಬಂತು.

ನಕಲು ಇರಲಿಲ್ಲ. ಮೈಕ್ರೋಫಿಲ್ಮ್ ಮಾಡಿರಲಿಲ್ಲ. ಸೂಚಿ ಕೂಡ ಇರಲಿಲ್ಲ, ಹಾಗಾಗಿ ಯಾರ ಕಡತ ಹೋಯ್ತು ಅನ್ನೋ ಪೂರ್ತಿ ಪಟ್ಟಿಯೂ ಇಲ್ಲ. ಡೇಜಾನ್ ನೆನಪಾಯ್ತಾ?

ಆಮೇಲೆ ನಡೆದದ್ದು ನನಗೆ ಬಹಳ ಇಷ್ಟ. ಬೆಂಕಿಗೆ ಸುರಿದ ನೀರಿನಿಂದ ಕೆಳಗಿನ ಮಹಡಿಯ ಕಡತಗಳೆಲ್ಲ ತೊಯ್ದು ತೊಪ್ಪೆ. ಬೇಸಿಗೆ ಬೇರೆ, ಬೂಷ್ಟು ಹಿಡಿಯೋಕೆ ಎಷ್ಟು ಹೊತ್ತು? ಹಾಲಿನ ಪ್ಯಾಕೆಟ್ ಸಾಗಿಸೋ ಪ್ಲಾಸ್ಟಿಕ್ ಕ್ರೇಟು ಇದೆಯಲ್ಲ, ಅಂಥವುಗಳಲ್ಲಿ ಒದ್ದೆ ಕಡತ ತುಂಬಿಸಿ, ಅದೇ ಊರಿನ ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನ ಕಂಪನಿಗೆ ಒಯ್ದರು. ಅಲ್ಲಿ ಬಾಹ್ಯಾಕಾಶ ಯಾನಕ್ಕಾಗಿ ನಿರ್ವಾತ ಪರೀಕ್ಷೆ ಮಾಡ್ತಿದ್ದ ದೊಡ್ಡ ಕೋಣೆ ಇತ್ತು. ಅದರೊಳಗೆ ಇಟ್ಟು ಗಾಳಿ ಎಳೆದು ಕಾಗದ ಒಣಗಿಸಿದರು. ಹೀಗೆ ಉಳಿಸಿಕೊಂಡದ್ದು, ಅರೆಸುಟ್ಟದ್ದೂ ಸೇರಿ, ಸುಮಾರು 65 ಲಕ್ಷ ದಾಖಲೆ. ಒದ್ದೆ ಕಾಗದ ಒಣಗಿಸಬಹುದು ಅಂದವರ ಮಾತು ನಿಜ ಅಂತ ಗೊತ್ತಾಯ್ತು, ಇಪ್ಪತ್ತು ವರ್ಷ ತಡವಾಗಿ. ಪಿಂಚಣಿ ಕೇಳೋಕೆ ಹೋದ ಮುದುಕರಿಗೆ "ನೀವು ಸೈನ್ಯದಲ್ಲಿದ್ದದ್ದಕ್ಕೆ ದಾಖಲೆ ತನ್ನಿ" ಅನ್ನೋ ಉತ್ತರ ಆಮೇಲೂ ಎಷ್ಟೋ ವರ್ಷ ಸಿಗ್ತಾನೇ ಇತ್ತು.

ಇದು ಕಾಗದದ ಕಥೆ ಆಯ್ತು. ಕಂಪ್ಯೂಟರ್ ಕೋಣೆಗೆ ಮೊದಲ ದೊಡ್ಡ ಪಾಠ ಅದಕ್ಕಿಂತ ಮುಂಚೆಯೇ ಆಗಿತ್ತು. 1959ರ ಜುಲೈ 2ರಂದು ಪೆಂಟಗನ್‌ನಲ್ಲಿ ವಾಯುಪಡೆಯ ಕಂಪ್ಯೂಟರ್ ವಿಭಾಗಕ್ಕೆ ಬೆಂಕಿ ಬಿದ್ದು ಸಾವಿರಾರು ಮ್ಯಾಗ್ನೆಟಿಕ್ ಟೇಪ್ ಸುರುಳಿ ನಾಶ ಆದವು. ಅದಾದ ಮೇಲೆ 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ನಿ ಸುರಕ್ಷತಾ ಸಂಘ ಕಂಪ್ಯೂಟರ್ ಕೋಣೆಗೆ ಅಂತಲೇ ಒಂದು ಮಾನಕ ಬರೀತು, ಎನ್‌ಎಫ್‌ಪಿಎ 75. ನೀರಿನ ಭಯ ಇದ್ದವರಿಗೆ ಮುಂದೆ ಹ್ಯಾಲಾನ್ ಅನ್ನೋ ಅನಿಲ ಸಿಕ್ಕಿತು. ಬೆಂಕಿ ಆರಿಸುತ್ತೆ, ಯಂತ್ರ ಒದ್ದೆ ಆಗಲ್ಲ. ಅದು ಓಝೋನ್ ಪದರ ತಿನ್ನುತ್ತೆ ಅಂತ ಗೊತ್ತಾಗಿ, 1987ರ ಮಾಂಟ್ರಿಯಲ್ ಒಪ್ಪಂದದ ಕೆಳಗೆ 1994ರಿಂದ ಮುಂದುವರಿದ ದೇಶಗಳಲ್ಲಿ ತಯಾರಿಕೆ ನಿಲ್ತು. ಬದಲಿ ಅನಿಲಗಳು ಬಂದವು. ಅವುಗಳ ವಿಷಯಕ್ಕೆ ಆಮೇಲೆ ಬರ್ತೀನಿ.

1990ರ ದಶಕದಲ್ಲಿ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಡೇಟಾ ಸೆಂಟರ್‌ಗಳಿಗೆ ದರ್ಜೆ ಕೊಡೋ ಪದ್ಧತಿ ತಂತು. ಟಿಯರ್ 1ರಿಂದ ಟಿಯರ್ 4. ಇವತ್ತು ಜಾಹೀರಾತಲ್ಲಿ "ನಮ್ಮದು ಟಿಯರ್ 3" ಅಂತ ಬರುತ್ತಲ್ಲ, ಅದೇ. ಟಿಯರ್ 3 ಅಂದ್ರೆ ಯಾವುದೇ ಭಾಗವನ್ನ ರಿಪೇರಿಗೆ ಅಂತ ಕಳಚಿದ್ರೂ ಕೆಲಸ ನಿಲ್ಲಬಾರದು. ಟಿಯರ್ 4 ಅಂದ್ರೆ ಏನಾದ್ರೂ ತಾನಾಗೇ ಕೆಟ್ಟರೂ ನಿಲ್ಲಬಾರದು. ಒಳ್ಳೇದೇ. ಆದ್ರೆ ನನ್ನ ತಕರಾರು ಏನಂದ್ರೆ, ಇದು ಕಟ್ಟಡಕ್ಕೆ, ಕರೆಂಟಿಗೆ, ತಂಪಿಗೆ ಕೊಡೋ ಮಾರ್ಕ್ಸು. ಒಳಗಿರೋ ಫೈಲಿಗೆ ಇನ್ನೊಂದು ಪ್ರತಿ ಇದೆಯಾ ಅಂತ ಅದು ಕೇಳಲ್ಲ. ಲಾಕರ್ ಗಟ್ಟಿ ಇದೆ ಅನ್ನೋದು ಬೇರೆ, ಚಿನ್ನ ಅದೊಂದೇ ಲಾಕರಲ್ಲಿದೆ ಅನ್ನೋದು ಬೇರೆ.

ಪ್ರತಿಯ ಪ್ರಶ್ನೆ ಕೇಳೋಕೆ ಎರಡು ಅಳತೆ ಇವೆ. ಆರ್‌ಟಿಒ ಮತ್ತು ಆರ್‌ಪಿಒ. ಆರ್‌ಟಿಒ ಅಂದ ತಕ್ಷಣ ಡ್ರೈವಿಂಗ್ ಲೈಸೆನ್ಸ್ ನೆನಪಾದ್ರೆ ತಪ್ಪು ನಿಮ್ಮದಲ್ಲ. ಇಲ್ಲಿ ಆರ್‌ಟಿಒ ಅಂದ್ರೆ, ಬಿದ್ದ ಮೇಲೆ ಎಷ್ಟು ಹೊತ್ತಲ್ಲಿ ಎದ್ದು ನಿಲ್ಲಬೇಕು. ಆರ್‌ಪಿಒ ಅಂದ್ರೆ, ಎದ್ದಾಗ ಎಷ್ಟು ಹೊತ್ತಿನ ನೆನಪು ಹೋಗಿದ್ರೆ ಪರವಾಗಿಲ್ಲ. ಅಂಗಡಿ ಲೆಕ್ಕದ ಪುಸ್ತಕ ಕಳೆದುಹೋಯ್ತು ಅಂದ್ಕೊಳ್ಳಿ. ಹೊಸ ಪುಸ್ತಕ ತಂದು ಗಲ್ಲಾ ಮತ್ತೆ ತೆರೆಯೋಕೆ ಹಿಡಿಯೋ ಹೊತ್ತು ಆರ್‌ಟಿಒ. ನಿನ್ನೆವರೆಗಿನ ನಕಲು ಮನೇಲಿತ್ತು, ಇವತ್ತಿನ ವ್ಯಾಪಾರ ಮಾತ್ರ ಹೋಯ್ತು ಅಂದ್ರೆ ಆರ್‌ಪಿಒ ಒಂದು ದಿನ. ಈ ಎರಡು ಸಂಖ್ಯೆ ಬರೆಯದೆ ಮಾಡಿದ ಪ್ಲಾನು ಬರೀ ಸಾಮಾನಿನ ಚೀಟಿ.

ಇದು ನಮ್ಮ ದೇಶದಲ್ಲಿ ಎಲ್ಲರ ಕಣ್ಣೆದುರು ಬಂದದ್ದು 2021ರ ಫೆಬ್ರವರಿ 24ರಂದು. ಬೆಳಿಗ್ಗೆ 11:40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅದೇ ಎನ್‌ಎಸ್‌ಇ, ವಹಿವಾಟು ನಿಲ್ಲಿಸಿತು. ಟೆಲಿಕಾಂ ಲೈನ್‌ಗಳ ತೊಂದರೆಯಿಂದ ಶುರುವಾಗಿ ಸ್ಟೋರೇಜ್ ವ್ಯವಸ್ಥೆಯವರೆಗೂ ಹೋಗಿತ್ತು. ಮಜಾ ಏನಂದ್ರೆ ಅವರಿಗೆ ಚೆನ್ನೈನಲ್ಲಿ ಸಂಕಷ್ಟಕ್ಕೆ ಅಂತಲೇ ಎರಡನೇ ಕೇಂದ್ರ ಇತ್ತು. ಅಲ್ಲಿಗೆ ಬದಲಾಯಿಸಲಿಲ್ಲ. ಮಧ್ಯಾಹ್ನ 3:45ಕ್ಕೆ ಮತ್ತೆ ತೆರೆದು 5 ಗಂಟೆವರೆಗೆ ನಡೆಸಿದರು. ಯಾಕೆ ಬದಲಾಯಿಸಲಿಲ್ಲ ಅಂತ ಸೆಬಿ ಕೇಳಿತು. ಮುಂದಿನ ತಿಂಗಳೇ ನಿಯಮ ಬಿಗಿ ಮಾಡಿತು: ತೊಂದರೆ ಆದ 30 ನಿಮಿಷದೊಳಗೆ ಇದು ಸಂಕಷ್ಟ ಅಂತ ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಎರಡನೇ ಕೇಂದ್ರದಿಂದ ನಡೀಬೇಕು. ನನಗೆ ಇದರಲ್ಲಿ ಮುಖ್ಯ ಅನಿಸೋದು ಮೊದಲ ಅರ್ಧ. ಇನ್ನು ಹತ್ತು ನಿಮಿಷ ನೋಡೋಣ, ಸರಿ ಹೋಗಬಹುದು ಅಂತ ಕಾಯೋದು ನಮ್ಮೆಲ್ಲರ ಸ್ವಭಾವ. ಯಾರು, ಎಷ್ಟು ಹೊತ್ತಲ್ಲಿ ಒಪ್ಕೋಬೇಕು ಅನ್ನೋದನ್ನೂ ಪಟ್ಟಿಯಲ್ಲಿ ಬರೀಬೇಕಾಯ್ತು.

ಅದಾಗಿ ಎರಡು ವಾರಕ್ಕೆ, ಮಾರ್ಚ್ 10ರ ರಾತ್ರಿ, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಮಹಡಿಯ ಡೇಟಾ ಸೆಂಟರ್ ಸುಟ್ಟುಹೋಯ್ತು. ತಾನಾಗೇ ಬೆಂಕಿ ಆರಿಸೋ ವ್ಯವಸ್ಥೆ ಇರಲಿಲ್ಲ. ಕಂಪನಿಯ ಸ್ಥಾಪಕರು ಗ್ರಾಹಕರಿಗೆ ಟ್ವಿಟರ್‌ನಲ್ಲಿ ಹೇಳಿದ್ದು, ನಿಮ್ಮ ಸಂಕಷ್ಟ ಯೋಜನೆ ಚಾಲೂ ಮಾಡಿ ಅಂತ. ಬಹಳ ಜನಕ್ಕೆ ಅಂಥದ್ದೊಂದು ಯೋಜನೆ ಇರಬೇಕು ಅಂತಲೇ ಆವತ್ತು ಗೊತ್ತಾಯ್ತು. ಒಬ್ಬ ಗ್ರಾಹಕರು ಬ್ಯಾಕಪ್‌ಗೆ ಅಂತ ಬೇರೆ ದುಡ್ಡು ಕೊಟ್ಟಿದ್ದರು. ಆ ಬ್ಯಾಕಪ್ ಇದ್ದದ್ದು ಅದೇ ಕಟ್ಟಡದಲ್ಲಿ! 2023ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಪರಿಹಾರ ಕೊಡಿ ಅಂತ ಆದೇಶ ಮಾಡಿತು.

ಈಗ ಬ್ಯಾಟರಿ. ಹಳೇ ಕಾಲದ ಯುಪಿಎಸ್‌ಗೆ ಸೀಸದ ಬ್ಯಾಟರಿ, ನಮ್ಮ ಮನೆ ಇನ್ವರ್ಟರ್‌ದು ಇರುತ್ತಲ್ಲ ಅದರ ಅಣ್ಣ. ಭಾರ, ಗಾತ್ರ ದೊಡ್ಡದು, ಹಾಗಾಗಿ ಅದಕ್ಕೆ ಬೇರೆ ಕೋಣೆ. ಲಿಥಿಯಂ ಬಂತು. ಹಗುರ, ಚಿಕ್ಕದು, ಹೆಚ್ಚು ವರ್ಷ ಬಾಳುತ್ತೆ. ಹಾಗಾಗಿ ಸರ್ವರ್ ಪಕ್ಕದಲ್ಲೇ ಇಡೋಕೆ ಜಾಗ ಸಾಕಾಯ್ತು. ಜಾಗ ಉಳೀತು, ಬಾಡಿಗೆ ಉಳೀತು. ಲೆಕ್ಕದ ಹಾಳೆಯಲ್ಲಿ ಎಲ್ಲಾ ಲಾಭವೇ. ಆದ್ರೆ ಒಂದು ಲಿಥಿಯಂ ಸೆಲ್ ಮಿತಿ ಮೀರಿ ಬಿಸಿಯಾದ್ರೆ ಪಕ್ಕದ್ದನ್ನ ಬಿಸಿ ಮಾಡುತ್ತೆ, ಅದು ಅದರ ಪಕ್ಕದ್ದನ್ನ. ಶಾಖ ಒಳಗಿಂದಲೇ ಹುಟ್ಟೋದರಿಂದ, ಹ್ಯಾಲಾನ್ ಬದಲಿಗೆ ಬಂದ ಅನಿಲಗಳು ಜ್ವಾಲೆ ಆರಿಸಿದ್ರೂ ಇದನ್ನ ನಿಲ್ಲಿಸಲ್ಲ. ತಣ್ಣಗೆ ಮಾಡೋಕೆ ನೀರೇ ಬೇಕು, ಅದೂ ಬಹಳ. ನೀರು ಹಾಕಬೇಕಾದ್ರೆ ಕರೆಂಟು ತೆಗೀಬೇಕು. ಕರೆಂಟು ತೆಗೆದರೆ ಸುಡದೇ ಇರೋ ಸರ್ವರೂ ಬಂದ್. ಸೇಂಟ್ ಲೂಯಿಸ್‌ನ ನೀರಾ ಬೆಂಕಿಯಾ ಅನ್ನೋ ಹಳೇ ವಾದ ಹೊಸ ವೇಷದಲ್ಲಿ ವಾಪಸ್ ಬಂತು.

2022ರ ಅಕ್ಟೋಬರ್ 15ರಂದು ಕೊರಿಯಾದ ಪಾಂಗ್ಯೊದಲ್ಲಿ ಆದದ್ದು ಇದೇ. ನೆಲಮಾಳಿಗೆಯ ಲಿಥಿಯಂ ಬ್ಯಾಟರಿಗೆ ಬೆಂಕಿ, ಕಟ್ಟಡಕ್ಕೆ ಕರೆಂಟ್ ಕಟ್, ಅಲ್ಲಿದ್ದ ಕಕಾವೊ ಕಂಪನಿಯ ಸುಮಾರು 32,000 ಸರ್ವರ್ ಸ್ತಬ್ಧ. ಕೊರಿಯಾದವರಿಗೆ ಕಕಾವೊ ಟಾಕ್ ಅಂದ್ರೆ ನಮಗೆ ವಾಟ್ಸಾಪ್ ಇದ್ದ ಹಾಗೆ. ಎಲ್ಲಾ ಸೇವೆ ಸರಿಹೋಗೋಕೆ 127 ಗಂಟೆ 30 ನಿಮಿಷ ಹಿಡೀತು. ಡೇಟಾಕ್ಕೆ ಬೇರೆ ಕಡೆ ಪ್ರತಿ ಇತ್ತು. ಆದ್ರೆ ಆ ಪ್ರತಿಯಿಂದ ಸೇವೆ ಎಬ್ಬಿಸೋಕೆ ಬೇಕಾದ ಉಪಕರಣಗಳು ಬೆಂಕಿ ಬಿದ್ದ ಕಟ್ಟಡದಲ್ಲೇ ಇದ್ದವು. ಮನೆಗೆ ಇನ್ನೊಂದು ಕೀ ಮಾಡಿಸಿ ಅದನ್ನ ಮನೆ ಒಳಗೇ ಇಟ್ಟು ಬೀಗ ಹಾಕಿದ ಹಾಗೆ.

ಆಗ ಇಡೀ ದೇಶ ಕೇಳಿದ ಪ್ರಶ್ನೆ: ಸರ್ಕಾರದ ಡೇಟಾ ಸೆಂಟರ್ ಕಥೆ ಏನು? ಅದನ್ನ ನಡೆಸೋ ಸಂಸ್ಥೆಯಿಂದ ಬಂದ ಭರವಸೆ, ಡೇಜಾನ್ ಕೇಂದ್ರಕ್ಕೆ ಬೆಂಕಿ ಬಿದ್ದರೂ ಮೂರು ಗಂಟೆಯಲ್ಲಿ ಸೇವೆ ವಾಪಸ್ ತರ್ತೀವಿ ಅಂತ. ಮೂರು ವರ್ಷ ಆದ ಮೇಲೆ ಅದೇ ಡೇಜಾನ್. ಸುಟ್ಟ ಬ್ಯಾಟರಿಗಳು 2014ರಲ್ಲಿ ಹಾಕಿದ್ದು, ಹತ್ತು ವರ್ಷದ ಗಡುವು ಮುಗಿದಿತ್ತು. ಸಂಕಷ್ಟಕ್ಕೆ ಅಂತ ಗೊಂಗ್ಜು ಊರಲ್ಲಿ ಇನ್ನೊಂದು ಕಟ್ಟಡ ಎದ್ದಿತ್ತು, ಪೂರ್ತಿ ಚಾಲೂ ಆಗಿರಲಿಲ್ಲ. ಪ್ರಧಾನಿ ಕ್ಷಮೆ ಕೇಳಿದರು. ಚೇತರಿಕೆ ಕೆಲಸದ ಉಸ್ತುವಾರಿಯಲ್ಲಿದ್ದ ಒಬ್ಬ ಹಿರಿಯ ಅಧಿಕಾರಿ ಅಕ್ಟೋಬರ್ 3ರಂದು ಜೀವ ಕಳ್ಕೊಂಡರು. ಈ ಸಾಲು ಓದಿದಾಗಿಂದ ನನಗೆ ಟಿಬಿ, ಟಿಯರ್ ಅಂತ ಹಗುರವಾಗಿ ಮಾತಾಡೋಕೆ ಸ್ವಲ್ಪ ಕಷ್ಟ ಆಗ್ತಿದೆ.

ಇದೆಲ್ಲ ಎಲ್ಲೋ ಕೊರಿಯಾದ್ದು ಅಂತೀರಾ? ನಿಮ್ಮ ಮನೆಯಲ್ಲಿ ಜಮೀನಿದ್ರೆ ಪಹಣಿ ಇರುತ್ತೆ. ಕರ್ನಾಟಕದ ಭೂಮಿ ಯೋಜನೆ 2000ದ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಏರಿಸಿತು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಮಾಡಿದರು. ಅದು ಧೈರ್ಯದ ನಿರ್ಧಾರ, ನಮ್ಮ ತಾತನ ಕಾಲದಲ್ಲಿ ಒಂದು ಪಹಣಿಗೆ ಎಷ್ಟು ಸಲ ಅಲೀಬೇಕಿತ್ತು ಅಂತ ಮನೆಯಲ್ಲಿ ಕೇಳಿ ಗೊತ್ತು. ಆದ್ರೆ ಅವತ್ತಿಂದ ಕಂಪ್ಯೂಟರಲ್ಲಿರೋದೇ ದಾಖಲೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡ್ತಿದ್ದಾರೆ. ಗೆದ್ದಲು, ಮಳೆ, ಹರಿದ ಪುಟ, ಇದರಿಂದ ಬಚಾವಾಗೋಕೆ ಬೇಕಾದ ಕೆಲಸವೇ. ಆ ಫೈಲುಗಳ ಪ್ರತಿ ಎಷ್ಟು, ಎಷ್ಟು ದೂರದ ಊರಲ್ಲಿ, ಅವುಗಳಿಂದ ವಾಪಸ್ ತರೋ ತಾಲೀಮು ಕೊನೇ ಸಲ ಯಾವಾಗ ಮಾಡಿದ್ದು, ಇದನ್ನ ಕೇಳೋಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ನಾನು ಬೇರೆಯವರಿಗೆ ಹೇಳೋ ಯೋಗ್ಯತೆ ಇರೋನಲ್ಲ ಬಿಡಿ. ಈ ಪಾಡ್‌ಕಾಸ್ಟಿನ ಮೊದಲ 11 ಕಂತುಗಳ ಆಡಿಯೋ ಲ್ಯಾಪ್‌ಟಾಪಲ್ಲಿ ಒಂದು, ಹಾರ್ಡ್ ಡಿಸ್ಕಲ್ಲಿ ಒಂದು ಅಂತ ಎರಡು ಪ್ರತಿ ಇಟ್ಟಿದ್ದೆ. ಬಹಳ ಶಿಸ್ತಿನ ಮನುಷ್ಯ ಅಂತ ನನ್ನ ಬಗ್ಗೆ ನನಗೇ ಹೆಮ್ಮೆ. ಎರಡೂ ಇದ್ದದ್ದು ಒಂದೇ ಬ್ಯಾಗಲ್ಲಿ. ಹೋದ ವರ್ಷ ರಾತ್ರಿ ಬಸ್ಸಲ್ಲಿ ಊರಿಗೆ ಹೋಗ್ತಾ ಬ್ಯಾಗ್ ಹೋಯ್ತು. ಅದಕ್ಕೂ ಮುಂಚೆ, ಹೊಸದಾಗಿ ರೆಕಾರ್ಡ್ ಮಾಡ್ತೀನಿ ಅಂತ ಆ ಕಂತುಗಳನ್ನ ಆ್ಯಪ್‌ನಿಂದಲೂ ತೆಗೆದಿದ್ದೆ.

ಆದ್ದರಿಂದ ಒಂದು ವಿನಂತಿ. ಹಳೇ ಕೇಳುಗರು ಯಾರಾದ್ರೂ ಆ ಕಂತುಗಳನ್ನ ಡೌನ್‌ಲೋಡ್ ಮಾಡಿಟ್ಟು ಅಳಿಸೋಕೆ ಮರೆತಿದ್ರೆ, ದಯವಿಟ್ಟು ನನಗೆ ಕಳಿಸಿ. ಮೂರನೇ ಕಂತಲ್ಲಿ ನಮ್ಮಜ್ಜಿ ಮಾತಾಡಿದ್ದಾರೆ. ಅದೊಂದು ಸಿಕ್ಕರೂ ಸಾಕು.